ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು ಮತ್ತು ಕ್ಯಾನ್ಸರ್: ಕ್ಯಾನ್ಸರ್ ತಜ್ಞೆಯೊಂದಿಗೆ ಪ್ರಶ್ನೋತ್ತರ

ಹಾಸನದ ಸದಸ್ಯರು: ಕ್ಯಾನ್ಸರ್ ಬಾರದಿರಲೆಂದು ವಿಟಮಿನ್ ಇ ನುಂಗಬಹುದೇ?

ವೈದ್ಯೆ: ಬೇಡ. ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರು ಪಾಲ್ಗೊಂಡ ಸೆಲೆಕ್ಟ್ ಅಧ್ಯಯನದಲ್ಲಿ ವಿಟಮಿನ್ ಇ ನುಂಗಿದವರಿಗೇ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಬಂದಿದ್ದು 2011ರಲ್ಲಿ ಗೊತ್ತಾಯಿತು.

ಶಿರಸಿಯ ಸದಸ್ಯೆ: ದಿನಕ್ಕೊಂದು ವಿಟಮಿನ್ ಇ ಆದರೆ?

ವೈದ್ಯೆ: ಮೇಲೆ ಉತ್ತರಿಸಿದ್ದೇನೆ.

ದಾವಣಗೆರೆಯ ಸದಸ್ಯರು: ತಂದೆಗೆ ಕೆನ್ನೆಯ ಒಳಗೆ ಕ್ಯಾನ್ಸರ್. ವಿಕಿರಣ ಚಿಕಿತ್ಸೆ ನಡೆಯುತ್ತಿದೆ. ಶಕ್ತಿ ಬರಲೆಂದು ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಕೊಡುತ್ತಿದ್ದೇವೆ. ಆಸ್ಪತ್ರೆಯಲ್ಲಿ ಹೇಳಿಲ್ಲ. ಬೀಡಿ ಇನ್ನೂ ಬಿಟ್ಟಿಲ್ಲ.

ವೈದ್ಯೆ: ಇವತ್ತೇ ನಿಲ್ಲಿಸಿ. ವಿಕಿರಣವು ಗಡ್ಡೆಯ ಕೋಶಗಳನ್ನು ಕೊಲ್ಲುವುದು ಬಹುಮಟ್ಟಿಗೆ, ಕೋಶಗಳನ್ನು ಹಾಳುಮಾಡುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳ ಮೂಲಕ. ಅವನ್ನು ತಣಿಸುವ ಇಂಥ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಗಡ್ಡೆಗೂ ರಕ್ಷಣೆ ಕೊಡಬಹುದು. ಕೆನಡಾದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 540 ಜನರಲ್ಲಿ ಕೆಲವರಿಗೆ ಇವೇ ಎರಡು ವಿಟಮಿನ್ ಕೊಟ್ಟು ನೋಡಿದರು. ಚಿಕಿತ್ಸೆಯ ಸಮಯದಲ್ಲೂ ಧೂಮಪಾನ ಮಾಡುತ್ತಿದ್ದವರು ಈ ಮಾತ್ರೆ ನುಂಗಿದಾಗ ರೋಗ ಮರುಕಳಿಸುವುದೂ ಸಾವೂ ಹೆಚ್ಚಿದವು. ನಿಮ್ಮ ತಂದೆಯ ಸ್ಥಿತಿ ಅದೇ. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿಗಳ ಅಧ್ಯಯನದಲ್ಲೂ ಬೀಟಾ ಕ್ಯಾರೊಟಿನ್ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಬಂತು. ನಮ್ಮ ಬಿಳಿ ರಕ್ತಕಣಗಳೂ ರೋಗಾಣುಗಳನ್ನು ಕೊಲ್ಲಲು ಆ ಚುರುಕು ಕಣಗಳಂಥ ರಾಸಾಯನಿಕಗಳನ್ನೇ ಸುರಿಸುತ್ತವೆ. ಅವನ್ನೆಲ್ಲ ಅಡಗಿಸಿದರೆ ರೋಗನಿರೋಧಕ ಶಕ್ತಿ ಬೆಳೆಯುವುದಿಲ್ಲ. ಬಾಯಿ ಹುಣ್ಣಿನಿಂದ ಊಟ ಸೇರದಿದ್ದರೆ ಗಂಜಿ, ಮೊಟ್ಟೆ, ಮೊಸರು ಕೊಡಿ. ಬೀಡಿ ಬಿಡಿಸಲು ನೆರವು ಕೇಳಿ.

ಮೈಸೂರಿನ ಸದಸ್ಯರು: ಚೀನಾದಲ್ಲಿ ಇದೇ ಮಾತ್ರೆಗಳಿಂದ ಹೊಟ್ಟೆಯ ಕ್ಯಾನ್ಸರ್‌ ಸಾವು ಇಳಿಯಿತಲ್ಲ?

ವೈದ್ಯೆ: ಒಳ್ಳೆಯ ಪ್ರಶ್ನೆ. ಅದು ಲಿನ್‌ಶಿಯನ್ ಎಂಬ ಪ್ರದೇಶದ ಅಧ್ಯಯನ, 1993ರ ವರದಿ. ಅಲ್ಲಿನವರಿಗೆ ಪೋಷಕಾಂಶಗಳ ಕೊರತೆಯಿತ್ತು, ಕೊರತೆ ತುಂಬಿದ್ದು ನೆರವಾಯಿತು. ಹೊಟ್ಟೆ ತುಂಬ ಉಣ್ಣುವವರಿಗೆ ಅದು ಅನ್ವಯಿಸದು.

ತುಮಕೂರಿನ ಸದಸ್ಯರು: ಲಕ್ಷ್ಮಣ ಫಲ ಕೀಮೊಗಿಂತ 10,000 ಪಟ್ಟು ಶಕ್ತಿಶಾಲಿ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಹಂಚಿ.

ವೈದ್ಯೆ: ಹಂಚಬೇಡಿ. ಆ ಲೆಕ್ಕ ಗಾಜಿನ ತಟ್ಟೆಯ ಕೋಶಗಳದ್ದು, ಮನುಷ್ಯರದ್ದಲ್ಲ. ಆ ಹಣ್ಣಿನಲ್ಲಿರುವ ಅನೊನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ವಿಷ. ಇಂಥದ್ದನ್ನು ನಂಬಿ ಚಿಕಿತ್ಸೆ ಬಿಟ್ಟು, ಗಡ್ಡೆ ಬೆಳೆದ ಮೇಲೆ ಬರುವವರನ್ನು ನೋಡಿ ನೋಡಿ ಸಾಕಾಗಿದೆ.

ತುಮಕೂರಿನ ಸದಸ್ಯರು: ಔಷಧಿ ಕಂಪನಿಗಳು ನಿಮ್ಮಿಂದ ಹೀಗೆ ಹೇಳಿಸುತ್ತವೆ.

ಉಡುಪಿಯ ಸದಸ್ಯೆ: ಆ ಮಾತ್ರೆಗಳನ್ನು ಮಾರುವವರೂ ಕಂಪನಿಯವರೇ ಅಲ್ಲವೇ? ನನ್ನ ಅಕ್ಕ ಉಳಿದದ್ದು ಕೀಮೊದಿಂದ.

ತುಮಕೂರಿನ ಸದಸ್ಯರು: ಅದು ಅವರ ಅದೃಷ್ಟ.

ಉಡುಪಿಯ ಸದಸ್ಯೆ: ಆರು ತಿಂಗಳ ವಾಂತಿ ಅದೃಷ್ಟವೇ? ಮಾತು ಹಿಂಪಡೆಯಿರಿ.

ಬೀದರ್‌ನ ಸದಸ್ಯರು: ನೆಲ್ಲಿಕಾಯಿ ರಸ ಕುಡಿಯಬಹುದೇ?

ತುಮಕೂರಿನ ಸದಸ್ಯರು: ಹಿಂಪಡೆಯುವುದಿಲ್ಲ.

ವೈದ್ಯೆ: ಜಗಳವಿದ್ದರೆ ಬೇರೆಡೆ ಮಾಡಿ. ದಾವಣಗೆರೆಯವರೇ, ನಿಲ್ಲಿಸಿದಿರಾ?

ದಾವಣಗೆರೆಯ ಸದಸ್ಯರು: ನಿಲ್ಲಿಸಿದೆವು, ಡಾಕ್ಟರ್. ಇನ್ನೊಂದು ಪುಡಿಯೂ ಇದೆ, ಅದರ ಮೇಲೆ ಹೆಸರಿನ ಚೀಟಿಯಿಲ್ಲ.

ವೈದ್ಯೆ: ಅದನ್ನೂ ನಿಲ್ಲಿಸಿ. ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ನಾಳೆ ಚಿಕಿತ್ಸೆಗೆ ಮೊದಲೇ ನಿಮ್ಮ ವೈದ್ಯರಿಗೆ ತೋರಿಸಿ.