ಪದಚರ್ಚೆ: ‘ಟ್ರ್ಯಾಕರ್’ ಎಂಬುದಕ್ಕೆ ‘ಸುಳಿವುಬಿಲ್ಲೆ’ ಆದೀತೇ?

ಬಳಗದವರಿಗೆ ನಮಸ್ಕಾರ.

ಕಳೆದ ತಿಂಗಳು ಉಡುಪಿಯ ಇಂದ್ರಾಳಿಯಲ್ಲಿ ರಸ್ತೆಬದಿ ನಿಲ್ಲಿಸಿದ್ದ ನನ್ನ ಅಣ್ಣನ ಮಗನ ಸೈಕಲ್ ಕಳವಾಯಿತು. ಮೂರನೆಯ ದಿನ ಮಲ್ಪೆಯಲ್ಲಿ ಸಿಕ್ಕಿತು. ಸಿಕ್ಕಿದ್ದು ಒಂದು ಸಣ್ಣ ಬಿಲ್ಲೆಯಿಂದ. ಹುಡುಗ ಅದನ್ನು ಹಳೆಯ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಸೀಟಿನ ಅಡಿಯಲ್ಲಿ ತುರುಕಿಟ್ಟಿದ್ದ. ಬೇರೆಯವರಿಗೂ ಉಪಯೋಗವಾಗಲೆಂದು ಊರಿನ ಸಂಘದ ಪತ್ರಿಕೆಗೆ ಎರಡು ಪುಟ ಬರೆದುಕೊಡಲು ಒಪ್ಪಿಕೊಂಡೆ. ಬರೆಯಲು ಕುಳಿತರೆ ಮೊದಲ ಸಾಲಿನಲ್ಲೇ ತೊಡಕು: ಈ ವಸ್ತುವನ್ನು ಏನೆಂದು ಕರೆಯುವುದು?

‘ಟ್ರ್ಯಾಕರ್’ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ನಿಜ. ಎರವಲು ಪದವೆಂಬ ಕಾರಣಕ್ಕೆ ನಾನು ಅದನ್ನು ದೂರ ಇಡುತ್ತಿಲ್ಲ. ಸೈಕಲ್ ಎಂಬುದೂ ಎರವಲೇ. ನನ್ನ ತಕರಾರು ಬೇರೆ. ಆ ಹೆಸರು ಕೇಳಿದವರೆಲ್ಲ ಇದು ಸೈಕಲ್ಲಿನ ಬೆನ್ನು ಹತ್ತಿ ಹೋಗುವ ವಸ್ತು, ಉಪಗ್ರಹದ ಮೂಲಕ ಕ್ಷಣಕ್ಷಣಕ್ಕೂ ದಾರಿ ತಿಳಿಸುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಅಂದುಕೊಂಡಿದ್ದೆವು. ವಾಸ್ತವದಲ್ಲಿ ಈ ಬಿಲ್ಲೆಯೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ತಾನು ಎಲ್ಲಿದ್ದೇನೆಂದು ಅದಕ್ಕೇ ಗೊತ್ತಿಲ್ಲ. ಅದು ಮಾಡುವ ಮುಖ್ಯ ಕೆಲಸ ಒಂದೇ: ಬ್ಲೂಟೂತ್ ಮೂಲಕ ಆಗಾಗ ‘ನಾನಿದ್ದೇನೆ, ನಾನಿದ್ದೇನೆ’ ಎಂದು ಕೂಗುವುದು. ಆ ಕೂಗು ಕಿವಿಗೆ ಕೇಳಿಸದು. ಪಕ್ಕದಲ್ಲಿ ಹಾದುಹೋಗುವವರ ಮೊಬೈಲಿಗೆ ಕೇಳಿಸುತ್ತದೆ. ಆ ಮೊಬೈಲು ತಾನಿರುವ ಜಾಗವನ್ನು, ತನ್ನ ಒಡೆಯನಿಗೂ ತಿಳಿಯದಂತೆ, ಗುಟ್ಟಾಗಿ ಮುಂದಕ್ಕೆ ದಾಟಿಸುತ್ತದೆ. ಹೀಗೆ ಸುದ್ದಿ ನಮ್ಮನ್ನು ತಲುಪುತ್ತದೆ. 2021ರಲ್ಲಿ ಬಂದ ಆಪಲ್‌ನ ಏರ್‌ಟ್ಯಾಗ್‌ನಿಂದ ಹಿಡಿದು ಈಗಿನ ಇತರ ಟ್ಯಾಗ್‌ಗಳವರೆಗೆ ಹೆಚ್ಚಿನವು ಇದೇ ಬಗೆಯವು.

ಇದನ್ನು ತಿಳಿದಾಗ ನನಗೆ ನೆನಪಾದದ್ದು ನಮ್ಮ ಹಟ್ಟಿಯ ದನದ ಕೊರಳಗಂಟೆ. ಬೆಳಗ್ಗೆ ಗುಡ್ಡೆಗೆ ಬಿಟ್ಟ ದನ ಸಂಜೆ ಬಾರದಿದ್ದರೆ ಅಮ್ಮ ಅಂಗಳದ ತುದಿಗೆ ಹೋಗಿ ಕಿವಿಗೊಡುತ್ತಿದ್ದರು. ಕೇಳಿಸದಿದ್ದರೆ ದಾರಿಯಲ್ಲಿ ಬರುವವರನ್ನು ವಿಚಾರಿಸುತ್ತಿದ್ದರು. ‘ನಿಮ್ಮ ಕೆಂಪಿಯ ಗಂಟೆ ತೋಡಿನ ಆಚೆ ಕೇಳಿಸಿತು ಅಕ್ಕ’ ಎಂದು ಯಾರಾದರೂ ಹೇಳುತ್ತಿದ್ದರು. ಗಂಟೆ ದನವನ್ನು ಹಿಂಬಾಲಿಸುವುದಿಲ್ಲ, ಕಾಯುವುದೂ ಇಲ್ಲ. ದನದ ಜೊತೆ ಇದ್ದು ಸದ್ದು ಮಾಡುತ್ತದೆ, ಅಷ್ಟೇ. ಕೇಳಿಸಿಕೊಂಡು ಹೇಳುವವರು ದಾರಿಹೋಕರು. ಆ ಸೈಕಲ್ಲಿನ ಕಥೆಯೂ ಇದೇ. ಮೊದಲ ಸಂಜೆ ಕಲ್ಮಾಡಿಯ ಹತ್ತಿರ ಒಮ್ಮೆ ಕಾಣಿಸಿ, ಮರುದಿನವಿಡೀ ಸುದ್ದಿಯೇ ಇರಲಿಲ್ಲ. ಜನರ ಓಡಾಟವಿಲ್ಲದ ಯಾವುದೋ ತೋಟದಲ್ಲಿ ಬಿದ್ದಿತ್ತೆಂದು ಕಾಣುತ್ತದೆ. ಮೂರನೆಯ ದಿನ ಬೆಳಗ್ಗೆ ಮಲ್ಪೆಯ ಮೀನುಗಾರಿಕೆ ಬಂದರಿನ ಸಮೀಪ ಕಾಣಿಸಿತು. ಬೆಳಗಿನ ಹೊತ್ತು ಅಲ್ಲಿ ಮೊಬೈಲುಗಳಿಗೆ ಏನು ಕಡಿಮೆ!

ಈಗ ಪದಗಳಿಗೆ ಬರುತ್ತೇನೆ.

‘ಜಾಡು’ ಎಂಬುದನ್ನು ಮೊದಲು ನೋಡಿದೆ. ಜಾಡು ಎಂದರೆ ಹೋದವನು ಬಿಟ್ಟುಹೋದ ಗುರುತು. ಹಿಂದಿನಿಂದ ಬಂದವನು ಅದನ್ನು ಹಿಡಿದು ಹೋಗುತ್ತಾನೆ. ನಮ್ಮ ಮೊಬೈಲು ದಾರಿಯನ್ನು ತೋರಿಸಲಿಲ್ಲ, ಕೊನೆಯ ಬಾರಿ ಕಂಡ ಒಂದು ಜಾಗವನ್ನಷ್ಟೇ ತೋರಿಸಿತು. ಆದ್ದರಿಂದ ಜಾಡು ಹೊಂದುವುದಿಲ್ಲ. ‘ಪತ್ತೆಯಂತ್ರ’ ಎಂದರೆ ಯಂತ್ರವೇ ಪತ್ತೆ ಮಾಡಿದಂತಾಯಿತು. ‘ಕಾವಲು’ ಸುಳ್ಳು ಭರವಸೆ, ಕಳವನ್ನು ಅದು ತಡೆಯುವುದಿಲ್ಲ. ‘ಬೇಹು’ ಸೇರಿದ ಯಾವ ಪದವನ್ನೂ ನಾನು ಒಪ್ಪಲಾರೆ. ಇದೇ ಬಿಲ್ಲೆಯನ್ನು ಹೆಣ್ಣುಮಕ್ಕಳ ಚೀಲದೊಳಗೆ ಅಡಗಿಸಿಟ್ಟು ಬೆನ್ನು ಹತ್ತುವವರಿದ್ದಾರೆ. ಅದಕ್ಕಾಗಿಯೇ ಅಪರಿಚಿತ ಬಿಲ್ಲೆಯೊಂದು ಜೊತೆಯಲ್ಲಿ ಬರುತ್ತಿದ್ದರೆ ಮೊಬೈಲು ಎಚ್ಚರಿಸುವ ಏರ್ಪಾಡಿದೆ. 2024ರಲ್ಲಿ ಆಪಲ್ ಮತ್ತು ಗೂಗಲ್ ಸೇರಿ ಐಫೋನ್, ಆಂಡ್ರಾಯ್ಡ್ ಎರಡೂ ಬಗೆಯ ಮೊಬೈಲುಗಳಿಗೆ ಅದನ್ನು ತಂದವು. ಆ ಎಚ್ಚರಿಕೆ ಕಳ್ಳನಿಗೂ ಹೋಗಬಹುದು, ಹಾಗಾಗಿ ಸೈಕಲ್ ಕಳೆದುಕೊಂಡವರು ತಡಮಾಡಬಾರದು. ಏನೇ ಇರಲಿ, ಬೇಹುಗಾರಿಕೆಯ ವಾಸನೆ ಈ ಹೆಸರಿಗೆ ಅಂಟುವುದು ಬೇಡ.

ಉಳಿದದ್ದು ‘ಸುಳಿವು’. ಇದರ ಬೇರು ‘ಸುಳಿ’: ತಿರುಗು, ಅತ್ತಿತ್ತ ಓಡಾಡು, ಒಮ್ಮೆ ಕಾಣಿಸಿಕೊಳ್ಳು. ‘ಈ ಕಡೆ ಸುಳಿಯಲೇ ಇಲ್ಲ’ ಎನ್ನುತ್ತೇವಲ್ಲ, ಆ ಸುಳಿ. ಓಡಾಟವೂ ಓಡಾಟದ ಗುರುತೂ ಒಂದೇ ಪದದಲ್ಲಿ ಕೂಡಿವೆ. ಪೂರ್ತಿ ಕಾಣಿಸದೆ ಆಗಾಗ ಹೊಳೆದು ಮರೆಯಾಗುವ ಭಾವವೂ ಇದೆ. ನನಗಂತೂ ಬಹಳ ಹಿಡಿಸಿತು. ‘ಬಿಲ್ಲೆ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಜವಾನರ ಪಟ್ಟಿಯ ಮೇಲಿನ ಬಿಲ್ಲೆ, ಮಕ್ಕಳ ಕುಂಟೆಬಿಲ್ಲೆ ಎಲ್ಲರಿಗೂ ಗೊತ್ತು. ಒಳಗಿರುವ ಬ್ಯಾಟರಿಯೂ ನಾಣ್ಯದಂಥ ಬಿಲ್ಲೆಯೇ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಆ ಅಂಕಿಗಳು ಹೇಳುತ್ತವೆ.

ಆ ಬ್ಯಾಟರಿ ಸುಮಾರು ಒಂದು ವರ್ಷ ಬರುತ್ತದೆ. ಇದನ್ನು ‘ಅಲ್ಪಶಕ್ತಿಯ ಉಪಕರಣ’ ಎಂದು ಬರೆಯುವುದನ್ನು ನೋಡಿದ್ದೇನೆ. ಓದಿದವರಿಗೆ ಬಲಹೀನ ಎಂದೇ ತೋರುತ್ತದೆ. ಹೇಳಬೇಕಾದದ್ದು ಕಡಿಮೆ ವಿದ್ಯುತ್ತಿನಲ್ಲಿ ಬದುಕುವ ಗುಣವನ್ನು. ‘ಮಿತವಿದ್ಯುತ್’ ಎಂದರೆ ಹೇಗೆ? ಇನ್ನು ‘ರೇಂಜ್’ ಎಂಬುದಕ್ಕೆ ಹುಡುಕಬೇಕಾದ ಅಗತ್ಯವೇ ಇಲ್ಲ, ‘ಕೂಗಳತೆ’ ಕೈಗೆಟುಕುವಂತಿದೆ. ಬ್ಲೂಟೂತ್ ಬಿಲ್ಲೆಯ ಕೂಗಳತೆ ಬಯಲಿನಲ್ಲಿ ಕೆಲವು ಹತ್ತು ಮೀಟರ್, ಗೋಡೆ ಅಥವಾ ಲೋಹ ಅಡ್ಡ ಬಂದರೆ ಇನ್ನೂ ಕಡಿಮೆ. ಲೋರಾ ಎಂಬ ಬೇರೆ ಬಗೆಯ ರೇಡಿಯೋ ಅಲೆ ಬಳಸುವ ಬಿಲ್ಲೆಗಳೂ ಇವೆ. ಅವುಗಳ ಕೂಗಳತೆ ಕಿಲೋಮೀಟರುಗಟ್ಟಲೆ, ಆದರೆ ಕೇಳಿಸಿಕೊಳ್ಳಲು ಬೇರೆಯೇ ಪೆಟ್ಟಿಗೆ ಬೇಕು.

ಮತ್ತೊಂದು ಮಾತು. ಮೊಬೈಲಿನಲ್ಲಿ ಒತ್ತಬೇಕಾದ ಗುಂಡಿಯ ಮೇಲೆ ‘ಲಾಸ್ಟ್’ (lost, ಕಳೆದುಹೋದದ್ದು) ಎಂದಿದೆ. ಕನ್ನಡದಲ್ಲಿ ‘ಕಳೆದುಹೋಯಿತು’ ಬೇರೆ, ‘ಕಳವಾಯಿತು’ ಬೇರೆ. ಮೊದಲನೆಯದು ನಮ್ಮ ಮರೆವು, ಎರಡನೆಯದು ಇನ್ನೊಬ್ಬರ ಕೈವಾಡ. ದೂರು ಬರೆಯುವಾಗ ಈ ಭೇದ ಬಹಳ ಮುಖ್ಯ. ‘ದ್ವಿಚಕ್ರ ವಾಹನ’ ಎಂದೂ ಬರೆಯಬೇಡಿ, ಅದನ್ನು ಈಗ ಎಲ್ಲರೂ ಬೈಕ್, ಸ್ಕೂಟರ್ ಎಂದೇ ಓದುತ್ತಾರೆ. ‘ಸೈಕಲ್’ ಎಂದೇ ಬರೆದು, ಪೆಡಲಿನ ಅಚ್ಚಿನ ಕೆಳಗೆ ಕೊರೆದ ಸಂಖ್ಯೆಯನ್ನು ಜೊತೆಗೆ ಕೊಡಿ. ಮಲ್ಪೆಯಲ್ಲಿ ಗೋಡೆಗೆ ಒರಗಿಸಿದ್ದ ನಾಲ್ಕು ಸೈಕಲ್ಲುಗಳ ನಡುವೆ ಮೊಬೈಲಿನಿಂದ ಬಿಲ್ಲೆಯನ್ನು ಈ ಸಲ ಕಿವಿಗೇ ಕೇಳಿಸುವಂತೆ ಕೂಗಿಸಿದಾಗ, ರಬ್ಬರಿನ ಒಳಗಿಂದ ಮರಿಹಕ್ಕಿಯ ಚಿಲಿಪಿಲಿಯಂಥ ಸದ್ದು ಬಂತು. ಜೊತೆಗಿದ್ದ ಪೊಲೀಸರು ಬಗ್ಗಿ ನೋಡಿ ತಾಳೆ ಹಾಕಿದ್ದು ಆ ಸಂಖ್ಯೆಯನ್ನೇ.

ನನ್ನ ಪ್ರಶ್ನೆಗಳು ಇಷ್ಟು. ‘ಸುಳಿವುಬಿಲ್ಲೆ’ ಎಂದು ಕೂಡಿಸಿ ಬರೆಯುವುದೋ, ‘ಸುಳಿವಿನ ಬಿಲ್ಲೆ’ ಎಂದು ಬಿಡಿಸುವುದೋ? ಇದಕ್ಕಿಂತ ಹಗುರವಾದ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದಿದೆಯೇ? ಮತ್ತೆ, ಗುಡ್ಡೆಗೆ ಬಿಡುವ ದನದ ಮರದ ಗಂಟೆಗೆ ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆ ಏನೆನ್ನುತ್ತಾರೆ? ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟಿನ ಆರು ಸಂಪುಟ ಕೈಯಲ್ಲಿರುವವರು ದಯವಿಟ್ಟು ನೋಡಿ ಹೇಳಿ. ಆ ಹೆಸರು ಚಿಕ್ಕದಾಗಿದ್ದರೆ ನಾನು ಸುಳಿವುಬಿಲ್ಲೆಯನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.