ಗರ್ಭಪಾತದ ಪೋಸ್ಟ್‌ಗೆ ಕಥೋಲಿಕ ಶಾಲೆಯಿಂದ ರಾಜೀನಾಮೆ ಒತ್ತಡ: ತಿಳಿದವರು ಹೇಳ್ರಿ

ಪ್ರಶ್ನೆ (ಕಲಬುರಗಿ): ಕಥೋಲಿಕ ಆಡಳಿತದ ಶಾಲೆ, ಸ್ಟೇಟ್ ಸಿಲಬಸ್, ಅನುದಾನ ಇಲ್ಲ. ನಾನು ಗಣಿತ ಟೀಚರ್, ಕ್ರೈಸ್ತಳಲ್ಲ. ಗರ್ಭಪಾತ ಹೆಣ್ಣಿನ ಹಕ್ಕು ಅಂತ ಫೇಸ್‌ಬುಕ್‌ನಾಗ ಬರೆದಿದ್ದೆ. ಸೋಮವಾರದೊಳಗ ರಾಜೀನಾಮೆ ಕೊಡ್ರಿ ಅಂತಾರ. ಏನ್ ಮಾಡ್ಲಿ?

ಉತ್ತರ 1 (ಕಲಬುರಗಿ): ಮೇಡಂ, ರಾಜೀನಾಮೆ ಮಾತ್ರ ಬರೀಬ್ಯಾಡ್ರಿ. ‘ಸ್ವಂತ ಕಾರಣದಿಂದ’ ಅಂತ ಒಂದು ಸಾಲಿಗೆ ಸಹಿ ಬಿತ್ತಂದ್ರ ವಜಾ ಅನ್ನೋದೇ ಉಳಿಯಂಗಿಲ್ಲ, ಮೇಲ್ಮನವಿ ಯಾವುದರ ಮ್ಯಾಲೆ ಹಾಕ್ತೀರಿ? ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ಆರೋಪ ತಿಳಿಸಿ, ಉತ್ತರ ಕೊಡಾಕ ಅವಕಾಶ ಕೊಟ್ಟು, ವಿಚಾರಣೆ ಮಾಡಿಯೇ ವಜಾ ಮಾಡಬೇಕು. ಅವರು ಬಾಯಿಮಾತಿನಾಗ ಹೇಳಿದ್ದನ್ನ ಅವತ್ತೇ ಕಾಗದಕ್ಕ ಇಳಿಸ್ರಿ: ಯಾವ ಪೋಸ್ಟ್, ಯಾವ ತಾರೀಖು, ಯಾವ ನಿಯಮ ಮುರಿದಂಗಾತು, ಲಿಖಿತವಾಗಿ ತಿಳಿಸ್ರಿ ಅಂತ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ. ಅವರೇ ಏನಾದ್ರೂ ಕಾಗದ ಕೊಟ್ರ ಅವರ ಪ್ರತಿ ಮ್ಯಾಲೆ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ’ ಅಂತ ಬರೆದು ತಾರೀಖು ಹಾಕ್ರಿ. ಪೋಸ್ಟ್ ಅಳಿಸಬ್ಯಾಡ್ರಿ, ಅಳಿಸಿದ್ರ ನೀವು ಬರೆದಿದ್ದೇನು, ಅವರು ಓದಿದ್ದೇನು ಅಂತ ತೋರಿಸಾಕ ಏನೂ ಇರಂಗಿಲ್ಲ.

ಉತ್ತರ 2 (ಬೀದರ್): ಎದುರಿನವರ ವಾದಾನೂ ಗೊತ್ತಿರಲಿ. ಚರ್ಚಿನ ಕಾನೂನು ಸಂಹಿತೆಯ 803ನೇ ವಿಧಿ ಕಥೋಲಿಕ ಶಾಲೆಯ ಶಿಕ್ಷಕರಿಗೆ ಸರಿಯಾದ ಬೋಧನೆ, ನೆಟ್ಟಗಿನ ನಡತೆ ಎರಡೂ ಇರಬೇಕು ಅಂತದ. ಅದರ ಜೋಡಿ ಅಲ್ಪಸಂಖ್ಯಾತರಿಗೆ ಸ್ವಂತ ಶಾಲೆ ನಡೆಸೋ ಹಕ್ಕು ಕೊಡೋ ಸಂವಿಧಾನದ 30ನೇ ವಿಧಿ ಹಿಡೀತಾರ. ಆದ್ರ ಶಾಲೆ ನಡೆಸೋ ಹಕ್ಕು ಅಂದ್ರ ಮನಸ್ಸಿಗೆ ಬಂದಂಗ ತೆಗೆಯೋ ಹಕ್ಕಲ್ಲ. ಫ್ರಾಂಕ್ ಆಂಥೋನಿ ಶಾಲೆಯ ಪ್ರಕರಣದಾಗ (1986) ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಯ ನೌಕರರಿಗೂ ಸೇವಾ ರಕ್ಷಣೆ ಅನ್ವಯಿಸ್ತದ ಅಂದದ. ಕಥೋಲಿಕ ಶಾಲೆಗಳ ಅಸ್ಮಿತೆ ಬಗ್ಗೆ ವ್ಯಾಟಿಕನ್ 2022ರಾಗ ಹೊರಡಿಸಿದ ಸೂಚನೆಯೂ ವಜಾ ಅನ್ನೋದು ಕೊನೇ ದಾರಿ ಅಂತದ. ಉತ್ತರ ಬರೆಯೋವಾಗ ಇದನ್ನ ಹಾಕ್ರಿ; ಫಾದರ್‌ಗೆ ಕಲಂ 92ಕ್ಕಿಂತ ಇದು ಬೇಗ ನಾಟಬಹುದು.

ಗರ್ಭಪಾತ ಸರಿಯೋ ತಪ್ಪೋ ಅನ್ನೋ ವಾದಕ್ಕ ಮಾತ್ರ ಇಳೀಬ್ಯಾಡ್ರಿ. ಖಾಸಗಿ ಖಾತೆ, ಶಾಲೆಯ ಹೆಸರಿಲ್ಲ, ತರಗತಿಯಾಗ ಆ ಮಾತೇ ಎತ್ತಿಲ್ಲ: ಈ ಮೂರು ನಿಜ ಇದ್ರ ಬರೀರಿ, ಸಾಕು.

ಉತ್ತರ 3 (ಯಾದಗಿರಿ): ನೆಟ್‌ನಾಗ ಸಿಗೋ ಅಮೆರಿಕದ ತೀರ್ಪು ಓದಿ ಹೆದರಬ್ಯಾಡ್ರಿ. 2012, 2020ರ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪುಗಳು ಧರ್ಮ ಕಲಿಸೋ ಶಿಕ್ಷಕರನ್ನ ಪಾದ್ರಿಗಳ ಸಾಲಿಗೆ ಸೇರಿಸಿ ತಾರತಮ್ಯದ ಕೇಸಿನ ಬಾಗಿಲು ಮುಚ್ಚಿದಾವ. ನಮ್ಮ ಕಾಯ್ದೆಯಾಗ ಅಂಥ ವಿನಾಯಿತಿ ಇಲ್ಲ.

ಇಲ್ಲಿ ಕೇಸು ಕೆಡೋದು ಬ್ಯಾರೆ ಕಡೆ. ವಜಾ ಆದೇಶ ಕೈಸೇರಿದ ದಿನದಿಂದ 3 ತಿಂಗಳೊಳಗ 94ನೇ ಕಲಮಿನಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಜನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಆಫೀಸು ಅಂತ ಮನವಿ ಹಿಡ್ಕೊಂಡು ತಿರುಗ್ತಾ ಆ ಅವಧಿ ಕಳೀತಾರ. ಮನವಿ ಕೊಡ್ರಿ, ಆದ್ರ ಗಡುವು ಅದಕ್ಕಾಗಿ ನಿಲ್ಲಂಗಿಲ್ಲ.

ಪ್ರಶ್ನೆ ಕೇಳಿದವರು: ನೇಮಕಾತಿ ಪತ್ರದಾಗ 11 ತಿಂಗಳು ಅಂತದ.

ಉತ್ತರ 1: ಹಂಗಾದ್ರ ಅವರು ವಜಾ ಮಾಡದೆ ಅವಧಿ ಮುಗೀತು ಅಂತ ಸುಮ್ಮನೆ ಕೂಡಬಹುದು, ನಿಮ್ಮ ಕೈ ಸ್ವಲ್ಪ ಸಡ್ಲ. ಹಿಂದಿನ ವರ್ಷಗಳ ಪತ್ರ, ಸಂಬಳ ಜಮಾ ಆದ ಪಾಸ್‌ಬುಕ್, ಪಿಎಫ್ ಚೀಟಿ ಎಲ್ಲಾ ತೆಗೆದಿಡ್ರಿ. ವರ್ಷಾ ವರ್ಷಾ ಮುಂದುವರಿಸಿದ್ದು ಅದರಾಗೇ ಕಾಣ್ತದ. ಅವಧಿ ಮುಗಿಸೋ ಕಾಗದದಾಗ ಪೋಸ್ಟಿನ ಮಾತು ಬಂದ್ರ ಅದು ಶಿಕ್ಷೆ, ವಿಚಾರಣೆ ಬೇಕಿತ್ತು ಅಂತ ವಾದಿಸಬಹುದು. ಸೋಮವಾರ ಆಫೀಸಿನೊಳಗ ಕರೆದ್ರ ಜೋಡಿ ಒಬ್ಬರನ್ನ ಕರ್ಕೊಂಡು ಹೋಗ್ರಿ, ಖಾಲಿ ಹಾಳಿಗೆ ಸಹಿ ಹಾಕಬ್ಯಾಡ್ರಿ.