ಪದಚರ್ಚೆ: ಅನಿಲವನ್ನು ‘ಹೀರು’ವುದೋ, ಅನಿಲ ‘ಕೂರು’ವುದೋ?

ಹಾಸನದಿಂದ ಪ್ರಶ್ನೆ:

ಲ್ಯಾಬ್ ಕೈಪಿಡಿಯೊಂದರಲ್ಲಿ ಈ ವಾಕ್ಯವಿದೆ: “ವಿದ್ಯುತ್ ಕ್ಷೇತ್ರದಲ್ಲಿ ತವರದ ಆಕ್ಸೈಡ್ ಆಮ್ಲಜನಕವನ್ನು ಹೆಚ್ಚು ಹೀರುತ್ತದೆ.” ‘ಹೀರು’ ಎಂದರೆ ಒಳಕ್ಕೆ ಹೋಯಿತೆಂದು ಅರ್ಥವಾಗುವುದಿಲ್ಲವೇ? ‘ಅಧಿಶೋಷಣೆ’ (ಅನಿಲ ಮೇಲ್ಮೈಗೆ ಮಾತ್ರ ಅಂಟುವುದು, adsorption) ಎಂದು ಬರೆದರೆ ಹುಡುಗರ ಕಿವಿಗೆ ಶೋಷಣೆಯೊಂದೇ ಬೀಳುತ್ತದೆ. ಇನ್ನು ಪೇಪರ್ ಓದುವವರಿಗೆ ‘ವಿದ್ಯುತ್ ಕ್ಷೇತ್ರ’ ಅಂದರೆ ಕರೆಂಟ್ ದರದ ಸುದ್ದಿ. ಏನು ಮಾಡೋಣ?

ಚಿಕ್ಕಮಗಳೂರಿನಿಂದ ಉತ್ತರ:

ನಿಮ್ಮ ಅನುಮಾನ ಸರಿ. ಮಳೆಗಾಲದಲ್ಲಿ ಗೋದಾಮಿನ ಪಾರ್ಚ್‌ಮೆಂಟ್ (ತೆಳು ಹೊಟ್ಟು ಬಿಡಿಸದ ಕಾಫಿ ಬೀಜ) ಥಂಡಿ ಎಳೆದುಕೊಳ್ಳುತ್ತದೆ. ನೀರು ಬೀಜದೊಳಗೇ ಸೇರಿ ತೂಕ ಏರುತ್ತದೆ. ಅದು ಹೀರಿಕೆ. ಕಾಫಿ ಎಲೆಯ ಮೇಲೆ ಇಬ್ಬನಿ ‘ಕೂರುತ್ತದೆ’. ನಮಗೆ ಬೇಕಾದ ಕ್ರಿಯಾಪದ ಅದೇ. ಹೋಲಿಕೆಯನ್ನು ಅಲ್ಲಿಗೇ ಬಿಡಿ: ಇಬ್ಬನಿ ಎಲೆಯಿಂದ ಏನನ್ನೂ ಕಸಿಯುವುದಿಲ್ಲ, ಆಮ್ಲಜನಕ ಕೂತ ಕಡೆ ಎಲೆಕ್ಟ್ರಾನ್ ಕಸಿಯುತ್ತದೆ. ಅದಕ್ಕೇ ತವರದ ಆಕ್ಸೈಡಿನ ರೋಧ ಏರುವುದು. ಶೀರ್ಷಿಕೆಗೆ ‘ಅಧಿಶೋಷಣೆ’ ಇರಲಿ, ವಾಕ್ಯದೊಳಗೆ ‘ಕೂರು’ ಬರಲಿ. ಎದುರು ಪದವೂ ಪುಕ್ಕಟೆ ಸಿಗುತ್ತದೆ: ಬಿಸಿ ಏರಿಸಿದರೆ ಕೂತದ್ದು ‘ಏಳುತ್ತದೆ’.

‘ವಿದ್ಯುತ್ ಕ್ಷೇತ್ರ’ ಬದಲಿಸಬೇಡಿ, ಪಠ್ಯದಲ್ಲಿ ಬೇರೂರಿದ ಪದ. ಹೊರನಾಡೂ ಕ್ಷೇತ್ರವೇ, ಯಾರೂ ಗೊಂದಲಪಡುವುದಿಲ್ಲ. ಪಕ್ಕದಲ್ಲೊಂದು ಅಳತೆ ಕೊಡಿ. 100 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್ ಪದರಕ್ಕೆ 10 ವೋಲ್ಟ್ ಕೊಟ್ಟರೆ ಅದರೊಳಗೆ ಮೀಟರಿಗೆ 10 ಕೋಟಿ ವೋಲ್ಟ್. ಇದನ್ನು ಓದಿದವರಿಗೆ ಕರೆಂಟ್ ಬಿಲ್ ನೆನಪಾಗದು.

ಆ ವಾಕ್ಯದಲ್ಲಿ ನಿಜವಾಗಿ ಕಾಡುವುದು ‘ಹೆಚ್ಚು’. ತವರದ ಆಕ್ಸೈಡಿನ ಅಡಿಯಲ್ಲಿ ಸಿಲಿಕಾನ್ ಡೈಆಕ್ಸೈಡಿನ ನಿರೋಧಕ ಪದರ, ಅದರ ಹಿಂದೆ ವೋಲ್ಟೇಜ್ ಕೊಡುವ ‘ಗೇಟ್’ ಇರುತ್ತದೆ. ಆ ಗೇಟ್‌ಗೆ ಧನ ವೋಲ್ಟೇಜ್ ಕೊಟ್ಟರೆ ತವರದ ಆಕ್ಸೈಡಿನ ತೆಳು ಪದರದಲ್ಲಿ ಎಲೆಕ್ಟ್ರಾನ್ ಹೆಚ್ಚಿ, ಆಮ್ಲಜನಕ ಹೆಚ್ಚು ಕೂರುತ್ತದೆ. ಋಣ ಕೊಟ್ಟರೆ ಕಡಿಮೆ. ಅದೂ ಪದರ ಕೆಲವೇ ನ್ಯಾನೊಮೀಟರ್ ಇದ್ದರೆ ಮಾತ್ರ. ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ತವರದ ಆಕ್ಸೈಡಿನ ಡಿಬೈ ಉದ್ದ, ಅಂದರೆ ಕ್ಷೇತ್ರ ಅಡಗುವ ಮುನ್ನ ಒಳಗೆ ಸಾಗುವ ದೂರ, 3 ನ್ಯಾನೊಮೀಟರ್ ಆಸುಪಾಸು. ತವರದ ಆಕ್ಸೈಡಿನ ಪದರವೇ 100 ನ್ಯಾನೊಮೀಟರ್ ಇದ್ದರೆ ಕ್ಷೇತ್ರ ಮೇಲ್ಮೈ ಮುಟ್ಟುವ ಮೊದಲೇ ಅಡಗುತ್ತದೆ.

ಗ್ರಾಫ್ ಓದುವಾಗಲೂ ಪದ ಎಡವುತ್ತದೆ. ಧನ ವೋಲ್ಟೇಜ್ ಕೊಟ್ಟ ಕ್ಷಣ ಪದರದ ವಿದ್ಯುತ್ ಪ್ರವಾಹ ಜಿಗಿಯುತ್ತದೆ. ಅದು ಎಲೆಕ್ಟ್ರಾನ್ ಬಂದದ್ದು, ಅನಿಲ ಕೂತದ್ದಲ್ಲ. ಆಮೇಲೆ ನಿಮಿಷಗಟ್ಟಲೆ ನಿಧಾನ ಇಳಿಯುತ್ತದಲ್ಲ, ಆ ಇಳಿತದಲ್ಲಿದೆ ಕೂರುವಿಕೆ. ಆದರೆ ನಿರೋಧಕ ಪದರದಲ್ಲಿ ವಿದ್ಯುದಾವೇಶ ಸಿಕ್ಕಿಬಿದ್ದರೂ ಇಂಥದೇ ಇಳಿತ ಕಾಣುತ್ತದೆ. ಒಣ ನೈಟ್ರೋಜನ್‌ನಲ್ಲಿ ಮತ್ತೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಇಳಿದರೆ ಆಮ್ಲಜನಕದ ಹೆಸರು ಎತ್ತುವಂತಿಲ್ಲ.

ಹಾಸನದಿಂದ:

ಹಾಗಿದ್ದರೆ ಹೀಗೆ ತಿದ್ದುತ್ತೇನೆ: “ಗೇಟ್‌ಗೆ ಧನ ವೋಲ್ಟೇಜ್ ಕೊಟ್ಟಾಗ ತವರದ ಆಕ್ಸೈಡಿನ ತೆಳು ಪದರದ ಮೇಲೆ ಆಮ್ಲಜನಕ ಹೆಚ್ಚು ಕೂರುತ್ತದೆ.” ‘ತೆಳು’ ಬಿಡುವಂತಿಲ್ಲ ಅಂತಾಯಿತು.